ಆ ಕೊಳವೆಯಲ್ಲಿ ಮೊದಲು ಏನು ಬೇಯಿಸಿದ್ದರು

೧. ಎಲ್ಲಿಂದ ಶುರು ಮಾಡಲಿ? ಹೊಗೆಯಿಂದಲೋ, ಗಾಜಿನಿಂದಲೋ? ಹೊಗೆಯಿಂದಾದರೆ ಕಥೆ ದೊಡ್ಡದಾಗಿ ಕಾಣುತ್ತದೆ. ಗಾಜಿನಿಂದಾದರೆ ನನ್ನ ಮಾನ ಹೋಗುತ್ತದೆ. ಹಾಗಾಗಿ ಹೊಗೆ.

ಕೇಳಿ. ಚಿಮಣಿಯಿಂದ ಹೊರಡುವ ಕಾರ್ಬನ್ ಡೈಆಕ್ಸೈಡಿಗೆ ಹೈಡ್ರೋಜನ್ ಬೆರೆಸಿ, ಒಂದು ಚಿಟಿಕೆ ಬಿಸಿ ಪುಡಿಯ ಮೇಲೆ ಹಾಯಿಸಿದರೆ ಆಚೆ ಕಡೆ ಮೀಥೇನ್ ಬರುತ್ತದೆ. ಒಲೆ ಉರಿಸುವ ಮೀಥೇನ್, ಸ್ವಾಮೀ. ಉರಿದುಹೋದದ್ದು ಮತ್ತೆ ಉರಿಯಲು ಎದ್ದು ಕೂರುತ್ತದೆ. ಆ ಪುಡಿಗೆ ಕ್ಯಾಟಲಿಸ್ಟ್ ಎನ್ನುತ್ತಾರೆ. ಬೀದಿಜಗಳದ ಮಧ್ಯೆ ನುಗ್ಗಿ ಎಲ್ಲರನ್ನೂ ಬಿಡಿಸಿ, ಅಂಗಿಗೆ ಒಂದು ಸುಕ್ಕೂ ಬೀಳದೆ ಹೊರಬರುವವನ ಹಾಗೆ ಅದು.

ಆ ಪುಡಿ ಮಾಡುವವಳು ನನ್ನ ಅಕ್ಕನ ಮಗಳು. ಉಳಿದವರು ಅಗ್ಗದ ನಿಕ್ಕಲ್ ಇಟ್ಟುಕೊಂಡು ಮುನ್ನೂರೈವತ್ತು ಡಿಗ್ರಿಗೆ ಒದ್ದಾಡುತ್ತಿದ್ದರೆ, ಇವಳ ನಿಕ್ಕಲ್ ಇನ್ನೂರಕ್ಕೇ ಕುಣಿಯಿತು. ನಾನು ಅವಳ ಪ್ರಯೋಗಾಲಯಕ್ಕೆ ಗಾಜಿನ ಕೊಳವೆ ಊದಿಕೊಡುವವನು. ನಿವೃತ್ತ. ಬಾಯಿಗೆ ಮಾತ್ರ ನಿವೃತ್ತಿ ಸಿಕ್ಕಿಲ್ಲ.

೨. ಮೇಲಿನದನ್ನು ಅಳಿಸಬೇಕಂತೆ. ನಾನು ಫೋನಿಗೆ ಹೇಳುತ್ತಿದ್ದುದನ್ನು ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ.

"ಮಾವ, ಚಿಮಣಿ ಎಲ್ಲಿಂದ ಬಂತು? ನನ್ನ ಹತ್ರ ಇರೋದು ಸಿಲಿಂಡರ್."

"ಕಥೇಲಿ ಚಿಮಣಿ ಚೆನ್ನಾಗಿ ಕಾಣತ್ತೆ ಕಣೆ."

"ಕಥೇಲಿ ನಾನೂ ಇದೀನಲ್ಲ. ನನ್ನ ಮರ್ಯಾದೆ ಸ್ವಲ್ಪ ನೋಡ್ಕೋ."

(ಪಾತ್ರಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಬಾರದು.)

೨, ಎರಡನೇ ಸಲ. 'ಸಂಜೆ ನಾಲ್ಕಕ್ಕೆ ಪೇಪರ್ ಕಳಿಸಿದಳು, ಲೋಕ ಚಪ್ಪಾಳೆ ತಟ್ಟಿತು' ಎಂದು ಮುಗಿಸಿ ಚಹಾಕ್ಕೆ ಏಳುವವನಿದ್ದೆ. ಅಷ್ಟರಲ್ಲಿ ಇನ್ನೂ ಕಳಿಸದೆ ಮೇಜಿನ ಮೇಲಿದ್ದ ಆ ಸಂಶೋಧನಾ ಪೇಪರನ್ನು ತಿರುವಿದೆ, ಕೃತಜ್ಞತೆಯಲ್ಲಿ ನಾನಿದ್ದೇನೆಯೇ ಎಂದು ನೋಡಲು. (ಇದ್ದೇನೆ.) ಅದರ ಮೇಲೆಯೇ ಇನ್ನೊಂದು ಸಾಲು: ಪುಡಿಯಿಲ್ಲದ ಖಾಲಿ ಕೊಳವೆಯ ಪರೀಕ್ಷೆಯನ್ನು ಜೋಡಿ ಕೊಳವೆಯಲ್ಲಿ ಮಾಡಲಾಗಿದೆ, ಮೀಥೇನ್ ಬಂದಿಲ್ಲ. ಅಂದರೆ ಮೀಥೇನ್ ಮಾಡಿದ್ದು ಪುಡಿಯೇ, ಗಾಜಲ್ಲ.

ಜೋಡಿ ಕೊಳವೆ. ಸರಿ, ಗಾಜಿಗೇ ಬರೋಣ.

ಅವಳು ಎರಡು ಹೊಸ ಕೊಳವೆ ಕೇಳಿದ್ದಳು. ಒಂದನ್ನು ಮಾಡಿದೆ. ಇನ್ನೊಂದು ಎರಡು ಸಲ ಸೀಳಿತು, ಕೈ ನಡುಗುತ್ತದೆ. ಅದನ್ನು ಹೇಳಲು ನಾಲಿಗೆ ಹೊರಳಲಿಲ್ಲ. ಬೀರುವಿನಲ್ಲಿದ್ದ ಹಳೆಯದನ್ನು ಆಸಿಡ್‌ನಲ್ಲಿ ಕುದಿಸಿ, ತುದಿಯನ್ನು ಬೆಂಕಿಗೆ ಹಿಡಿದು ಹೊಳಪು ಕೊಟ್ಟು, "ತಗೊ, ಜೋಡಿ" ಎಂದೆ. ಅದರಲ್ಲಿ ಹಿಂದೊಮ್ಮೆ ಯಾರೋ ರುಥೇನಿಯಂ ಬೇಯಿಸಿದ್ದರು. ದುಬಾರಿ ಲೋಹ, ಕಡಿಮೆ ಬಿಸಿಯಲ್ಲಿ ಇದೇ ಕೆಲಸ ಮಾಡುವುದರಲ್ಲಿ ನಿಕ್ಕಲ್‌ನ ಅಪ್ಪ. ಆಸಿಡ್‌ಗೂ ಜಗ್ಗುವುದಿಲ್ಲ. ಪುಡಿ ಕೂರುವ ಗಾಜಿನ ಬಿಲ್ಲೆಯಲ್ಲಿ ಒಂದು ಬೂದು ಕಲೆ ಉಳಿದಿತ್ತು. ನೆರಳು ಅಂದುಕೊಂಡೆ. ಸುಳ್ಳು, ಅಂದುಕೊಳ್ಳಬೇಕು ಅಂದುಕೊಂಡೆ.

ಪುಡಿ ಹಾಕಿದ್ದು ಆ ಹಳೆಯದಕ್ಕೆ. ಖಾಲಿ ಪರೀಕ್ಷೆ ಮಾಡಿದ್ದು ಹೊಸದರಲ್ಲಿ. ಹಾಗಾದರೆ ಇನ್ನೂರಕ್ಕೇ ಕುಣಿದದ್ದು ಅವಳ ನಿಕ್ಕಲೋ, ಆ ಕಲೆಯೋ? ಬೇರೆ ಯಾರು ಕೊಟ್ಟಿದ್ದರೂ ಎರಡನ್ನೂ ಖಾಲಿಯಾಗಿ ಪರೀಕ್ಷಿಸುತ್ತಿದ್ದಳು. ಕೊಟ್ಟವನು ಮಾವ.

೪. (ಮೂರನ್ನು ಅಳಿಸಿದ್ದೇನೆ. ಮೂರರಲ್ಲಿ ನಾನು ಅವಳಿಗೆ ಎಲ್ಲ ಹೇಳಿಬಿಟ್ಟೆ, ಅವಳು ಹಳೆಯ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆ ನೋಟ ಫೋನಿನಲ್ಲಿ ಬಿದ್ದಿಲ್ಲ.)

"ನಾಲ್ಕಕ್ಕೆ ಕಳಿಸ್ಬೇಕು ಮಾವ. ಈಗ ಎರಡೂವರೆ."

"ಕಳಿಸಿಬಿಡೆ. ಆ ಕಲೆ ನೋಡಿದೋನು ನಾನೊಬ್ನೇ."

"ಈಗ ಇಬ್ರು" ಎಂದು ಹಳೆಯ ಕೊಳವೆಯಿಂದ ಪುಡಿ ಸುರಿದು, ಖಾಲಿ ಮಾಡಿ, ಕುಲುಮೆಯಲ್ಲಿಟ್ಟಳು.

ಈಗ ಇನ್ನೂರು ಡಿಗ್ರಿ ಮುಟ್ಟಿದೆ. ಅನಿಲ ಹರಿಯುತ್ತಿದೆ. ಮೀಥೇನ್ ಇದ್ದರೆ ಮೂರನೇ ನಿಮಿಷಕ್ಕೆ ಅನಿಲ ಅಳೆಯುವ ಯಂತ್ರದ ಪರದೆಯಲ್ಲಿ ಗೆರೆ ಗೋಪುರವಾಗಿ ಏಳುತ್ತದೆ. ಒಂದೂಮುಕ್ಕಾಲು ನಿಮಿಷ ಆಗಿದೆ.

ಅಂತ್ಯ ಅ: ಗೆರೆ ಸಪಾಟು; ನಿಕ್ಕಲ್ ನಿಜಕ್ಕೂ ಗೆದ್ದಿದೆ.
ಅಂತ್ಯ ಆ: ಗೋಪುರ, ಅವಳ ಎರಡು ವರ್ಷ ನನ್ನ ಬೀರುವಿನ ಪಾಲು.
ಅಂತ್ಯ ಇ: ಗೋಪುರವೂ ಅಲ್ಲ, ಸಪಾಟೂ ಅಲ್ಲ, ಒಂದು ಗುಬುಟು. ಸಾಯುವವರೆಗೆ ವಾದ ಮಾಡಬಹುದು.

"ನಾನು ಅ ಇಟ್ಕೊತೀನಿ" ಎಂದೆ.

"ಆರಿಸ್ಕೊಳಕ್ಕೆ ಇದೇನು ತರಕಾರಿನಾ ಮಾವ? ತೆಪ್ಪಗಿರು."

ಎರಡು ನಿಮಿಷ, ಹತ್ತು ಸೆಕೆಂಡು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಎದೆ ಹಬ್ಬದ ಡೋಲಾಗಿದೆ. ನಲವತ್ತು ವರ್ಷ ಕೊಳವೆ ಊದಿದೆ. ಊದಿದ್ದರೊಳಗೆ ಏನಾಗುತ್ತದೆ ಎಂದು ನಿಂತು ನೋಡುತ್ತಿರುವುದು ಇವತ್ತೇ.

ಅವಳು ಪರದೆಯಿಂದ ಕಣ್ಣು ತೆಗೆಯದೆ ಕಾಲಲ್ಲೇ ಇನ್ನೊಂದು ಸ್ಟೂಲ್ ಎಳೆದಳು.

"ಏನೇ ಬರ್ಲಿ, ನಾಳೆ ಹೊಸ ಕೊಳವೆ ಮಾಡೋಣ. ನೀನು ಊದು, ನಾನು ಹಿಡ್ಕೊತೀನಿ. ಆ ಫೋನ್ ಕೆಳಗಿಡು, ಬಾ."

ಗೆರೆಯೇನಾಯಿತು ಎಂದು ನೀವು ಕಿವಿ ನಿಮಿರಿಸಿ ಕೂತಿರುತ್ತೀರಿ. ಕೂತಿರಿ. ಇದನ್ನು ನೋಡಲು ನನಗೆ ಎರಡೂ ಕಣ್ಣು ಬೇಕು, ಅವಳ ಪಕ್ಕದಲ್ಲಿ ಕೂರಲು ಬಾಯಿ ಮುಚ್ಚಿರಬೇಕು.