ನಾರಿನ್ ಸರ್ವರಿನ ಕೊನೆಯ ಮಾತು

ಕೆನೆಶ್‌ಗೆ ಹೊಟ್ಟೆಕಿಚ್ಚು ಹತ್ತಿದ್ದು ಒಂದು ಬಟ್ಟಲು ಚಹಾದಿಂದ. ಬಿಶ್ಕೆಕ್‌ನ ಆ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಮೊದಲ ಬಟ್ಟಲು ಅವನದೇ. ಎಲ್ಲರಿಗೂ ಅಕ್ಕನಂತಿದ್ದ ಮುಖ್ಯಸ್ಥೆ ರೋಜಾ ಎಜೆ ತಾವೇ ಅರ್ಧ ಬಟ್ಟಲು ಬಗ್ಗಿಸಿ ಕೊಡುತ್ತಿದ್ದರು. ಅರ್ಧ ಅಂದರೆ ಕೂತಿರಪ್ಪಾ, ಮತ್ತೆ ಹಾಕ್ತೀನಿ ಅನ್ನುವ ಮರ್ಯಾದೆ. ಅಂಚಿನ ತನಕ ತುಂಬಿಸಿಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಅಂತ. ಆ ಸೋಮವಾರ ಮೊದಲ ಅರ್ಧ ಬಟ್ಟಲು ಹೋದದ್ದು ಚೋಲ್ಪೋನ್ ಕೈಗೆ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳು!

ಅವಳು ಮಾಡಿದ್ದಾದರೂ ಏನು? ಬರೀ ಬಾಯಿಮಾತು. ನಾರಿನ್ ಊರಿನ ಆಂಬುಲೆನ್ಸ್ ಕರೆಗಳನ್ನು ನೋಡಿಕೊಳ್ಳುವ ಸರ್ವರ್ ಮಾತುಮಾತಿಗೂ ಸಾಯುತ್ತಿತ್ತು. ಎಬ್ಬಿಸಿ ನೋಡಿದರೆ ದಾಖಲೆಯಲ್ಲಿ ಒಂದಕ್ಷರ ಇಲ್ಲ. ಸಾಯುವ ಗಳಿಗೆಯಲ್ಲಿ ಅದಕ್ಕೆ ತನ್ನ ಡಿಸ್ಕಿನ ಮೇಲೆ ಗೀಚಿಕೊಳ್ಳಲೂ ತ್ರಾಣವಿರಲಿಲ್ಲ. ಕೆನೆಶ್ ಮೂರು ವಾರ ತಿಣುಕಿದ್ದ.

"ಬರ್ಕೊಳ್ಳೋಕೆ ಆಗಲ್ಲ ಅಂದ್ರೆ ಕೂಗಿ ಹೇಳ್ಲಿ ಬಿಡಿ," ಅಂದಿದ್ದಳು ಚೋಲ್ಪೋನ್. "ಸರ್ವರಿನ ಒಳಜೀವ ಕರ್ನೆಲ್ ಅಲ್ವಾ, ಅದು ಕೊನೇಲಿ ಆಡೋ ಮಾತು ನೆಟ್‌ವರ್ಕ್ ಮೇಲೆ ಸೀದಾ ಇಲ್ಲಿನ ಸರ್ವರ್‌ಗೆ ಬರೋ ಹಾಗೆ ಮಾಡ್ತೀನಿ."

ಅಷ್ಟಕ್ಕೇ ರೋಜಾ ಎಜೆ ಕರಗಿ ನೀರಾಗಿದ್ದರು. ನನಗೆ ಯಾಕೆ ಹೊಳೀಲಿಲ್ಲ ಅಂತ ಕೆನೆಶ್‌ಗೆ ಮೈಯೆಲ್ಲ ಉರಿ.

ಮಧ್ಯಾಹ್ನ ಅವಳೇ ಬಂದಳು. "ಬಾಯ್ಕೆ, ದೊಡ್ಡೋರು ನೀವು, ಒಂದ್ಸಲ ಕಣ್ಣಾಡಿಸ್ತೀರಾ?"

ಅಣ್ಣ ಅಂತ ಬಾಯ್ತುಂಬ ಕರೆದವಳ ತಪ್ಪು ಅವನಿಗೆ ನೋಡಿದ ಕೂಡಲೇ ಕಂಡಿತು. ಸಾಯುವ ಯಂತ್ರಕ್ಕೆ ದಾರಿ ಕೇಳಲು ಪುರುಸೊತ್ತೆಲ್ಲಿ? ಮಾತನ್ನು ಮುಂದಕ್ಕೆ ದಾಟಿಸುವ, ಮಗ್ಗುಲಲ್ಲೇ ಇರುವ ನಾರಿನ್ ರೂಟರಿನ ಗುರುತಿನ ಸಂಖ್ಯೆಯನ್ನು ಮೊದಲೇ ಹೇಳಿಟ್ಟಿರಬೇಕು. ಅವಳು ಬೆಟ್ಟ ದಾಟಿ ಇತ್ತ ಬಿಶ್ಕೆಕ್‌ನಲ್ಲಿರುವ ಸರ್ವರಿನ ಸಂಖ್ಯೆ ಹಾಕಿದ್ದಳು. ಪಕ್ಕದ ಮನೆಯವನ ಕೈಗೆ ಕೊಡಬೇಕಾದ ಚೀಟಿಯನ್ನು ಅಂಗಳಕ್ಕೆ ಎಸೆದ ಹಾಗೆ. ಆ ಕೂಗು ಯಾರ ಕಿವಿಗೂ ಬೀಳುವುದಿಲ್ಲ. ಹಿಂದೆಂದೋ ಬೇರೊಂದು ಕೆಲಸದಲ್ಲಿ ಕೆನೆಶ್ ಕೂಡ ಇಂಥದೇ ತಪ್ಪು ಮಾಡಿದ್ದ.

ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

"ಸರಿಯಾಗಿದೆ ಕಣಮ್ಮ," ಅಂದ.

ಬುಧವಾರ ನಾರಿನ್ ಸರ್ವರ್ ಸತ್ತಿತು. ಇಲ್ಲಿಗೆ ಬಂದದ್ದು ಸೊನ್ನೆ. ಚೋಲ್ಪೋನ್ ತೆರೆಯ ಮುಂದೆ ಬೆಪ್ಪಾಗಿ ಕೂತಳು. ಗುರುವಾರ ಮತ್ತೆ ಸತ್ತಿತು, ಮತ್ತೆ ಸೊನ್ನೆ.

"ಏನಮ್ಮಾ, ನಿನ್ ಸರ್ವರ್‌ಗೆ ಸಾಯೋವಾಗ ಮೌನವ್ರತಾನಾ?" ಅಂತ ಕೆನೆಶ್ ಎಲ್ಲರೆದುರು ಕೆಣಕಿದ. ಆಫೀಸು ಗೊಳ್ಳೆಂದಿತು. ಅವಳ ಕಣ್ಣಲ್ಲಿ ನೀರಾಡಿದ್ದು ಕಂಡು ಅವನಿಗೆ ಹಾಲು ಕುಡಿದಷ್ಟು ಸಂತೋಷ. ಛೀ, ಎಂಥ ಸಂತೋಷವೋ! ಅಂದು ಚಹಾ ಜೊತೆ ಕರಿದ ಹಿಟ್ಟಿನುಂಡೆ ಬೋರ್ಸೋಕನ್ನು ಎರಡು ಹೆಚ್ಚಾಗಿಯೇ ಜೇನಿನಲ್ಲಿ ಅದ್ದಿ ತಿಂದ. ಸಂಜೆ ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದಾಗ ಕೂತಲ್ಲಿಂದಲೇ ಆ ಸಂಖ್ಯೆಯನ್ನು ತಿದ್ದಿಟ್ಟ. ಇನ್ನು ಮಾತು ಬಂದರೆ, ತರಿಸಿದವನು ಕೆನೆಶ್.

ಶುಕ್ರವಾರ ಚಹಾ ಹೊತ್ತಿಗೆ ಸರಿಯಾಗಿ ಸರ್ವರ್ ಸತ್ತಿತು. ಸಾಯುತ್ತಾ ಕೂಗಿತು. ಕೆನೆಶ್‌ನ ತೆರೆಯ ಮೇಲೆ ಸಾಲಿನ ಮೇಲೆ ಸಾಲು ಬಂದು ಬಿತ್ತು.

"ಬನ್ನಿ, ಎಲ್ರೂ ಬನ್ನಿ!" ಅವನ ಗಂಟಲಿಗೆ ಹಬ್ಬ. "ಎರಡನೇ ಮೆಮೊರಿ ಪಟ್ಟಿ ಕೆಟ್ಟಿದೆ, ಅಷ್ಟೇ!"

ರೋಜಾ ಎಜೆ ಚಹಾ ಕುಡಿಕೆ ಕೈಯಲ್ಲಿ ಹಿಡಿದೇ ಬಂದರು. ನಾರಿನ್‌ಗೆ ಫೋನು ಹೋಯಿತು. ಅಲ್ಲಿನವರು ಪಟ್ಟಿ ಕಿತ್ತು ಹೊಸದು ಸಿಕ್ಕಿಸಲು ಹತ್ತು ನಿಮಿಷ ಹಿಡಿಯಿತು.

"ಭೇಷ್! ಅದ್ಹೇಗೆ ಬಂತು ಮಾತು?" ಅಂದರು ಎಜೆ.

"ಈ ಮಗು ತಪ್ಪು ಸಂಖ್ಯೆ ಹಾಕಿತ್ತು ಎಜೆ. ನನ್ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ಸೋಮವಾರ ನೋಡ್ದಾಗ್ಲೇ ಗೊತ್ತಾಯ್ತು."

ಆಡಿದ ಮೇಲೆ ಗೊತ್ತಾಯಿತು, ಏನು ಆಡಿದೆ ಅಂತ. ಚೋಲ್ಪೋನ್ ತಲೆಯೆತ್ತಿ ಅವನನ್ನೇ ನೋಡಿದಳು.

"ಸರಿಯಾಗಿದೆ ಅಂದ್ರಲ್ಲಾ ಬಾಯ್ಕೆ," ಅಂದಳು, ಮೆಲ್ಲಗೆ.

"ಸೋಮವಾರವಾ?" ರೋಜಾ ಎಜೆಯ ದನಿ ಏರಲಿಲ್ಲ. "ಗುರುವಾರ ಆಂಬುಲೆನ್ಸಿಗೆ ಕರೆ ಹೋಗದೆ ಒಬ್ಬ ಬಸುರೀನ ಟ್ರ್ಯಾಕ್ಟರ್ ಮೇಲೆ ಆಸ್ಪತ್ರೆಗೆ ತಂದ್ರಂತೆ. ಹಿಮದಲ್ಲಿ, ಎರಡು ಗಂಟೆ. ತಾಯಿ ಮಗು ಉಳ್ಕೊಂಡ್ರು, ಅದು ಅವರ ಪುಣ್ಯ. ಬುಧವಾರಾನೇ ಮುಗೀತಿದ್ದ ಹತ್ತು ನಿಮಿಷದ ಕೆಲಸ ಇದು, ಕೆನೆಶ್."

"ಎಜೆ, ನಾನು... ಅವಳೇ ಕಲೀಲಿ ಅಂತ..."

ಎಜೆ ಮೇಜಿನ ಮೇಲಿದ್ದ ಅವನ ಬಟ್ಟಲು ಎತ್ತಿಕೊಂಡು ಚಹಾ ಬಗ್ಗಿಸತೊಡಗಿದರು. ಮೊದಲ ಬಟ್ಟಲು! ನಾಚಿಕೆಗೆಟ್ಟ ಮನಸ್ಸು ಆಗಲೂ ಒಂದು ಕ್ಷಣ ಹಿಗ್ಗಿತು. ಚಹಾ ಅರ್ಧಕ್ಕೆ ಬಂತು. ಎಜೆಯ ಕೈ ನಿಲ್ಲಲಿಲ್ಲ. ಮುಕ್ಕಾಲಾಯಿತು, ಅಂಚಿಗೆ ಬಂತು.

"ತಗೋ," ಅಂದರು.

ಹದಿನಾಲ್ಕು ವರ್ಷದಲ್ಲಿ ಅವನು ತುಂಬಿದ ಬಟ್ಟಲು ಹಿಡಿದದ್ದು ಅದೇ ಮೊದಲು. ಎರಡೂ ಕೈಯಲ್ಲಿ ಹಿಡಿದ. ಬಿಸಿ ಚಹಾ ಬೆರಳ ಮೇಲೆ ತುಳುಕಿತು. ಬಾಗಿಲ ಪಕ್ಕದ ಮೊಳೆಯಲ್ಲಿ ಅವನ ಕೋಟು ನೇತಾಡುತ್ತಿತ್ತು. ಅದನ್ನೇ ನೋಡುತ್ತಾ ಕುಡಿದ.