ಬಾಗಿಲಿರುವ ಕೋಣೆ

ಅಮ್ಮ ಹೊದಿಕೆಯ ಒಂದು ತುದಿ ಹಿಡಿದಿದ್ದಳು, ನಾನು ಇನ್ನೊಂದು. ಮೈದಾನದಲ್ಲಿ ನಾವಿಬ್ಬರೂ ತಂಡದ ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿ, ಆ ಹೊದಿಕೆಯ ಹಿಂದೆ, ಫುಟ್‌ಬಾಲ್ ತಂಡದ ಹೆಂಗಸರು ಇಬ್ಬಿಬ್ಬರಾಗಿ ಬಟ್ಟೆ ಬದಲಿಸುತ್ತಿದ್ದರು. ಯಾರೂ ಮಾತಾಡಲಿಲ್ಲ. ತಗಡಿನ ಗೋಡೆಯಲ್ಲಿ ತೂತುಗಳಿವೆ. ಮಾತು ಕೇಳಿದರೆ ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ತಿಳಿಯುತ್ತದೆ. ತೋಳು ಸೋತರೂ ಇಳಿಸುವಂತಿಲ್ಲ.

ಎರಡು ತಿಂಗಳ ಹಿಂದೆ ಒಂದು ತೂತಿಗೆ ಯಾರೋ ಮೊಬೈಲ್ ಇಟ್ಟಿದ್ದರು. ನನ್ನಕ್ಕನ ಫೋಟೊ ಕೈಯಿಂದ ಕೈಗೆ ಓಡಾಡಿತು. ಅವಳು ತಂಡದ ಗೋಲ್‌ಕೀಪರ್. ಅಂದಿನಿಂದ ಹೊಸಿಲು ದಾಟಿಲ್ಲ. "ಬಾಗಿಲಿರೋ ಕೋಣೆ ಕೊಟ್ರೆ ಬರ್ತೀನಿ" ಎಂದಿದ್ದಾಳೆ, ಅಷ್ಟೇ.

ಅಂಥ ಕೋಣೆ ಇಲ್ಲದೆ ಇಲ್ಲ. ಹೆಂಗಸರಿಗೆಂದೇ ಕಟ್ಟಿಸಿದ್ದು, ಒಳಗೆ ಚಿಲಕವೂ ಇದೆ. ಮೈದಾನದ ಮ್ಯಾನೇಜರ್ ಅದರಲ್ಲಿ ಪಂದ್ಯ ನೋಡಲು ಬರುವ ದೊಡ್ಡವರ ಮೆತ್ತನೆಯ ಕುರ್ಚಿಗಳನ್ನು ತುಂಬಿ ಬೀಗ ಜಡಿದಿದ್ದಾನೆ.

ಅವನೇ ಈಗ ಹೊರಗಿನಿಂದ ತಗಡು ಬಡಿದ.

"ಏನ್ರೇ, ನಾಟಕದ ಪರದೆ ಹಿಡ್ಕೊಂಡು ನಿಂತಿದೀರಾ? ಮೇಡಂ ಹನ್ನೊಂದಕ್ಕೆ ಬರ್ತಾರೆ. ಆ ರೂಮಿನ ಕುರ್ಚಿ ಎಲ್ಲ ಹೊರಗೆ ಹಾಕಿ ತೊಳೀರಿ, ದರಿದ್ರ ಮುಂಡೇವಾ!"

ಅಮ್ಮನ ಮುಖ ಅರಳಿತು. ಮೇಡಂ ಹಿಂದೆ ಇದೇ ಮೈದಾನದಲ್ಲಿ ಆಡಿದವಳು. ಈಗ ಇಡೀ ದೇಶದ ಫುಟ್‌ಬಾಲ್ ಅವಳ ಕೈಯಲ್ಲಿದೆ.

"ನಾನೇ ಅವಳಿಗೆ ಹೊದಿಕೆ ಹಿಡೀತಿದ್ದೆ ಕಣೇ. ಮರೆತಿಲ್ಲ ನೋಡು. ಅವಳೇ ಹೇಳಿ ಬಾಗಿಲು ತೆಗೆಸಿರ್ಬೇಕು."

"ಇವತ್ತೊಂದಿನಕ್ಕೇನೋ."

"ಥೂ, ಹಾಲು ಕೊಟ್ರೂ ಸುಣ್ಣದ ನೀರು ಅಂತೀಯ."

"ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ."

ಅರವತ್ತೆರಡು ಕುರ್ಚಿ ಹೊತ್ತೆವು. ದೂರಕ್ಕಲ್ಲ, ಹಿಂದಿನ ಗೋಡೆಯ ಪಕ್ಕಕ್ಕೆ. ಮ್ಯಾನೇಜರ್ ಅವುಗಳ ಮೇಲೆ ಟಾರ್ಪಾಲು ಮುಚ್ಚಿಸಿದ. ಗೂಟಕ್ಕೆ ಹೊಸ ಟವೆಲುಗಳನ್ನು ತೂಗುಹಾಕಿಸಿದ. ಅಂಗಡಿಯಲ್ಲಿ ಮಡಿಸಿದ ಗೆರೆಗಳು ಅವುಗಳಲ್ಲಿ ಇನ್ನೂ ಹಾಗೇ ಇದ್ದವು.

ಮೇಡಂ ಬಂದಳು. ಎಡ ಮೊಣಕಾಲು ತುಸು ಎಳೆಯುತ್ತಿದ್ದಳು. ಕ್ಯಾಮೆರಾದವನು ಹಿಂದೆಯೇ ಇದ್ದ.

"ನಮ್ಮ ಹೆಣ್ಮಕ್ಳು ದಿನಾ ಇಲ್ಲೇ ಬಟ್ಟೆ ಬದಲಾಯಿಸ್ತಾರೆ ಮೇಡಂ," ಎಂದ ಮ್ಯಾನೇಜರ್, ಇದ್ದ ಸೊಂಟವನ್ನೆಲ್ಲ ಬಗ್ಗಿಸಿ.

ನಾನು ಮೇಡಂ ಮೂಗನ್ನೇ ನೋಡುತ್ತಿದ್ದೆ. ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಒಂದು ವಾಸನೆಯಿರುತ್ತದೆ: ಬೆವರು, ಒದ್ದೆ ಕಾಲುಚೀಲ, ನೋವಿನ ಮುಲಾಮು. ಎಷ್ಟು ತೊಳೆದರೂ ಹೋಗುವುದಿಲ್ಲ. ಒಗೆಯುವವರಿಗೆ ಗೊತ್ತು, ಆಡಿದವರಿಗೂ ಗೊತ್ತು. ಇಲ್ಲಿ ಫಿನಾಯಿಲ್ ಬಿಟ್ಟು ಬೇರೇನಿರಲಿಲ್ಲ. ಮೇಡಂ ಉಸಿರೆಳೆದುಕೊಂಡಳು. ಆಮೇಲೆ ನೆಲ ನೋಡಿದಳು. ಕುರ್ಚಿ ಕಾಲುಗಳ ತುಕ್ಕಿನ ಗುಂಡು ಕಲೆಗಳು ನಾಲ್ಕು ನಾಲ್ಕಾಗಿ ಉಳಿದಿದ್ದವು. ಫೋಟೊಗೆ ಸಿಗುವಂಥ ಒಂದು ಕಲೆಯ ಮೇಲೆ ಬೂಟುಗಾಲಿಟ್ಟು ನಿಂತಳು. ಫೋಟೊ ತೆಗೆಯುವವರೆಗೂ ಕಾಲು ಕದಲಿಸಲಿಲ್ಲ.

ಅಮ್ಮನೂ ಅದನ್ನು ನೋಡಿದಳು.

"ನೀವು ಚೆನ್ನಾಗಿದೀರಾ?" ಎಂದು ಮೇಡಂ ಅಮ್ಮನ ಕೈ ಹಿಡಿದಳು. ಹಿಂದೆ ಅಮ್ಮನಿಗೆ ಹೋಗೇ ಬಾರೇ ಅನ್ನುತ್ತಿದ್ದಳಂತೆ. "ನಮ್ಮ ಕಾಲದಲ್ಲಿ ಇಷ್ಟೂ ಇರಲಿಲ್ಲ, ಅಲ್ವಾ?"

"ಇರಲಿಲ್ಲ... ಮೇಡಂ."

ಅವರು ಹೊರಗೆ ಬರುವ ಹೊತ್ತಿಗಾಗಲೇ ಟಾರ್ಪಾಲು ಎಳೆಯುವ ಸದ್ದು ಕೇಳಿತು. ಇಬ್ಬರು ಮೊದಲ ಕುರ್ಚಿ ಎತ್ತಿಕೊಂಡು ಬಂದರು. ಮ್ಯಾನೇಜರ್ ಜೇಬಿನಿಂದ ಬೀಗ ತೆಗೆದ.

ಪರರ ಮುಂದೆ ನಾನು ಬಾಯಿ ಬಿಟ್ಟವಳೇ ಅಲ್ಲ. ಹೋಗಿ ಹೊಸಿಲ ಮೇಲೆ ಕೂತೆ.

"ಏಯ್, ಏಳೇ! ಬೋಳಿ ಮಗಳೇ, ದಾರಿ ಬಿಡೇ!"

ಬೆನ್ನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ಕುರ್ಚಿ ಹೊತ್ತವರು ನಮ್ಮೆದುರು ನಿಂತರು. ಮ್ಯಾನೇಜರ್ ಮೇಡಂ ಮುಖ ನೋಡಿದ. ಮೇಡಂ ಕಾರಿನ ಬಾಗಿಲು ಹಿಡಿದು ನಿಂತಿದ್ದಳು.

"ಮೇಡಂ," ಎಂದೆ, "ಆ ಬೀಗದ ಕೈ ನಮ್ಮಮ್ಮನಿಗೆ ಕೊಡಿಸಿ ಹೋಗಿ. ನಮ್ಮಕ್ಕ ಆಡ್ಬೇಕು."