ಕಾರ್ಡಿನ ಹಿಂಬದಿ

ನನ್ನ ಗಂಡನನ್ನು ಇಡೀ ಓಣಿ ಲಾವ್ ಚೂ, ಅಂದರೆ ಮುದುಕ ಚೂ, ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ. ಅವನಿಗೆ ನಾನಲ್ಲದೆ ಇನ್ನೊಬ್ಬ ಹೆಂಡತಿಯಿದ್ದಳು. ಅವಳು ಹೆಣ್ಣಲ್ಲ, ಒಂದು ದಾರಿ. ಉತ್ತರದ ಮಂಗೋಲಿಯಾದ ಕುಲುನ್ ಪಟ್ಟಣದಿಂದ ಗೋಬಿ ಮರುಭೂಮಿ ದಾಟಿ, ಝಾಂಗ್‌ಜಿಯಾಕೌ ಊರಿಗೆ ಇಳಿದು, ಅಲ್ಲಿಂದ ರೈಲು ಹಿಡಿದು ಬೀಜಿಂಗ್ ಮೇಲೆ ನಮ್ಮ ತಿಯಾನ್‌ಜಿನ್‌ಗೆ ಬರುತ್ತಿದ್ದ, ಚಕ್ರವರ್ತಿಗಳ ಕಾಲದ ಅಂಚೆ ದಾರಿ. ಆ ದಾರಿಯಲ್ಲಿ ಕುದುರೆ ಸವಾರರ ಚೀಲದಲ್ಲಿ ಕುಲುಕಿಕೊಂಡು ಬಂದ ಅಂಚೆ ಕಾರ್ಡುಗಳನ್ನು ಅವನು ಹುಡುಕಿ ಹುಡುಕಿ ಕೂಡಿಹಾಕುತ್ತಿದ್ದ. ಮನೆಯಲ್ಲಿ ಉಪ್ಪು ಮುಗಿದದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೋಬಿಯ ಯಾವ ಠಾಣ್ಯದಲ್ಲಿ ಕುದುರೆ ಬದಲಾಯಿಸುತ್ತಿದ್ದರು ಎಂದು ಕೇಳಿದರೆ ಮಾತ್ರ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ.

ನಾನು ಬೈಯುತ್ತಿದ್ದೆ, ನಿಜ. ಆದರೆ ಕೆಂಪು ತೋಳಪಟ್ಟಿ ಕಟ್ಟಿದ ಹುಡುಗರು ಮನೆಮನೆಗೆ ನುಗ್ಗಿ ಹಳೆಯದನ್ನೆಲ್ಲ ಸುಡುತ್ತಿದ್ದ ವರ್ಷ, ಆ ಕಾರ್ಡುಗಳನ್ನು ಎಣ್ಣೆಕಾಗದದಲ್ಲಿ ಸುತ್ತಿ ಉಪ್ಪಿನಕಾಯಿ ಜಾಡಿಯ ತಳದಲ್ಲಿ ಬಚ್ಚಿಟ್ಟವಳು ನಾನೇ. ಸವತಿಯನ್ನು ಕಾಪಾಡಿದ ಹೆಂಡತಿ ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು.

ಅವನ ಹತ್ತಿರ ಇದ್ದವುಗಳಲ್ಲಿ ಒಂದು ಕಾರ್ಡು ಅವನ ಕಣ್ಣಿನ ಬೊಂಬೆ. ಹಸಿರು ಡ್ರ್ಯಾಗನ್ ಅಚ್ಚಾಗಿದ್ದ ಕಾರ್ಡು, ಚಕ್ರವರ್ತಿ ಪೀಠದ ಕೊನೆಯ ಚಳಿಗಾಲಕ್ಕೆ ಸ್ವಲ್ಪ ಮುಂಚೆ ಕುಲುನ್‌ನಲ್ಲಿ ಅಂಚೆಗೆ ಹಾಕಿದ್ದು. ಅದಾದ ಕೆಲವೇ ವಾರಗಳಲ್ಲಿ ಅಲ್ಲಿ ದಂಗೆಯೆದ್ದು ದಾರಿಯೇ ಕಡಿದುಹೋಯಿತು. ಹಾಗಾಗಿ ಆ ದಾರಿ ಹಿಡಿದು ಬಂದ ಕೊನೆಯ ಕಾರ್ಡುಗಳಲ್ಲಿ ಅದೂ ಒಂದು. ಕುಲುನ್, ಝಾಂಗ್‌ಜಿಯಾಕೌ, ಬೀಜಿಂಗ್, ತಿಯಾನ್‌ಜಿನ್, ನಾಲ್ಕೂ ಊರಿನ ಠಸ್ಸೆ ಒಂದೇ ಮೈಮೇಲೆ. ಸಾಲದ್ದಕ್ಕೆ ಇಲ್ಲಿನ ಅಂಚೆಯವನು ಮನೆ ಹುಡುಕಿ ಸುಸ್ತಾಗಿ 'ಈ ಹೆಸರಿನವರು ಇಲ್ಲಿಲ್ಲ' ಎಂದು ಅಂಟಿಸಿದ ಚೀಟಿ. ಬಟವಾಡೆಯಾಗದ ಕಾರ್ಡಿನ ಮೇಲೆ ಗುರುತು ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು ಎಂದು ಅವನು ಹಿಗ್ಗುತ್ತಿದ್ದ. ಯಾರದೋ ಕೈ ಸೇರದೇ ಹೋದದ್ದು ಇವನಿಗೆ ಹಬ್ಬವಾಗಿತ್ತು. ಅದನ್ನು ನಾನೂ ಆಗ ಯೋಚಿಸಿರಲಿಲ್ಲ.

ಕೆಂಪು ಪಟ್ಟಿಯ ಹುಡುಗರ ಕಾಲ ಕಳೆದು ಎಷ್ಟೋ ವರ್ಷಗಳಾದ ಮೇಲೆ, ಒಂದು ಚಳಿಗಾಲದಲ್ಲಿ ನಮ್ಮ ಊರಿನ ಅಂಚೆ ಸಂಗ್ರಾಹಕರ ಸಂಘದವರು ಪ್ರದರ್ಶನ ಇಟ್ಟರು. ಇಲ್ಲಿ ಗೆದ್ದರೆ ಮೇ ತಿಂಗಳಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಪ್ರದರ್ಶನ. ಲಾವ್ ಚೂ ತನ್ನ ದಾರಿಯನ್ನು ಹಾಳೆ ಹಾಳೆಯಾಗಿ ಹರಡಿ, ಹಸಿರು ಡ್ರ್ಯಾಗನ್ ಕಾರ್ಡನ್ನು ನಟ್ಟನಡುವೆ ಕೂರಿಸಿದ್ದ. ಗೆದ್ದ. ಬೀಜಿಂಗ್‌ಗೆ ಆಯ್ಕೆಯಾಯಿತೆಂದು ತಿಳಿದ ದಿನ ಅವನು ಎಳೆ ಹುಡುಗನಂತೆ ಕುಣಿದಾಡಿದ. ಮಾರನೆಯ ದಿನ, ಪೇಪರಿನಲ್ಲಿ ಆ ಕಾರ್ಡಿನ ಚಿತ್ರ ನೋಡಿ, ಪ್ರದರ್ಶನಕ್ಕೆ ಒಬ್ಬ ಮುದುಕಿ ಬಂದಳು.

ಎಂಬತ್ತು ದಾಟಿದ ಜೀವ, ಕೈಯಲ್ಲಿ ಊರುಗೋಲು, ಹತ್ತಿ ತುಂಬಿದ ನೀಲಿ ಕೋಟು. ಗಾಜಿಗೆ ಮೂಗು ಒತ್ತಿ, ಕಳಿಸಿದವನ ಹೆಸರು, ವಿಳಾಸ ಓದುತ್ತ ಎಷ್ಟೋ ಹೊತ್ತು ನಿಂತಿದ್ದಳು. ಆಮೇಲೆ ಊರುಗೋಲಿನಿಂದ ನೆಲ ತಟ್ಟಿದಳು.

"ಈ ಕಾರ್ಡು ಯಾರ್ದು?"

"ನಂದು ಅಕ್ಕ," ಎಂದ ಲಾವ್ ಚೂ. ನಮ್ಮ ತಿಯಾನ್‌ಜಿನ್‌ನಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಗೋರಿಗೆ ಕಾಲು ಚಾಚಿದವಳವರೆಗೆ ಎಲ್ಲ ಹೆಂಗಸರೂ ಅಕ್ಕಂದಿರೇ.

"ನಿಂದು ಹೇಗಪ್ಪ ಆಗುತ್ತೆ? ಬರ್ದಿರೋದು ನಮ್ಮಪ್ಪ. ವಿಳಾಸ ನಮ್ಮಮ್ಮಂದು. ಮಧ್ಯೆ ನೀನ್ಯಾರು?"

ಅವಳ ಹೆಸರು ಫಾನ್ ಝಾವ್‌ದೀ. ಆ ಹೆಸರಿಗೆ 'ತಮ್ಮನನ್ನು ಕರೆದು ತಾ' ಎಂದು ಅರ್ಥ. ಹೆಣ್ಣು ಹುಟ್ಟಿದ ಸಿಟ್ಟಿಗೆ ಅಜ್ಜಿಯರು ಇಡುವ ಹೆಸರು. ಲಾವ್ ಚೂ ಮತ್ತೊಮ್ಮೆ ಅಕ್ಕ ಎಂದಾಗ ಅವಳು ನಕ್ಕುಬಿಟ್ಟಳು. "ಕರ್ದು ಎಂಬತ್ತು ವರ್ಷ ಆದ್ಮೇಲೆ ಬಂದ್ಯಲ್ಲೋ ತಮ್ಮ! ಸ್ವಲ್ಪ ಬೇಗ ಬಂದಿದ್ರೆ ನಮ್ಮಮ್ಮ ಬೈಗುಳ ತಿನ್ನೋದಾದ್ರೂ ತಪ್ಪೋದು."

ಪ್ರದರ್ಶನಕ್ಕೆ ಅದೇ ಕೊನೆಯ ದಿನ, ಬಿಚ್ಚಿದ ಹಾಳೆಗಳ ಜೊತೆ ಅವಳನ್ನೂ ಮನೆಗೆ ಕರೆತಂದು ಬಿಸಿ ಚಹಾ ಕೊಟ್ಟೆ, ಎಳ್ಳು ಹಚ್ಚಿದ ರೊಟ್ಟಿ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಅದನ್ನು ನೆನೆಸಿಕೊಂಡು ತಿನ್ನುತ್ತ ಅವಳು ಹೇಳಿದ್ದಿಷ್ಟು. ಅಪ್ಪ ಫಾನ್ ಜಿಂಗ್‌ಹ ಕುಲುನ್‌ನಲ್ಲಿ ತುಪ್ಪಳದ ವ್ಯಾಪಾರಕ್ಕೆ ಹೋಗಿದ್ದ, ಬಸುರಿ ಹೆಂಡತಿಯನ್ನು ಇಲ್ಲಿ ತಾಯಿಯ ಹತ್ತಿರ ಬಿಟ್ಟು. ಹೆಣ್ಣು ಹುಟ್ಟಿತು. ಅಮ್ಮ ಯಾರ ಕೈಯಲ್ಲೋ ಸುದ್ದಿ ಬರೆಸಿ ಕಳಿಸಿದಳು. ಅಪ್ಪನಿಂದ ಉತ್ತರವೂ ಬರಲಿಲ್ಲ, ಅಪ್ಪನೂ ಬರಲಿಲ್ಲ. ಅತ್ತೆಯ ಬಾಯಿಗೆ ಅಷ್ಟು ಸಾಕಾಯಿತು. 'ಹೆಣ್ಣು ಹೆತ್ತೆ, ಅದಕ್ಕೇ ನನ್ನ ಮಗ ಮುಖ ತೋರಿಸಲಿಲ್ಲ' ಎಂದು ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕಿದಳು. ಕಾರ್ಡು ಬಂದಾಗ ತಾಯಿ ಮಗು ಆ ಮನೆಯಲ್ಲಿರಲಿಲ್ಲ. ಅತ್ತೆಯೂ ಆ ಹೊತ್ತಿಗೆ ಮನೆ ಬಿಟ್ಟಿದ್ದಳು, ಎಲ್ಲಿಗೆ ಹೋದರೆಂದು ಹೇಳುವವರೂ ಇರಲಿಲ್ಲ.

"ಅಮ್ಮ ಮಂದಿ ಬಟ್ಟೆ ಒಗ್ದು ನನ್ನ ಸಾಕಿದ್ಲು. ಸಾಯೋ ತನಕ ಅದನ್ನೇ ನಂಬಿದ್ಲು ಕಣಮ್ಮ, ನಾನ್ ಹೆಣ್ಣು ಹೆತ್ತಿದ್ದಕ್ಕೇ ಗಂಡ ಬಿಟ್ಟ ಅಂತ. ನಾನೂ ನಂಬಿದೀನಿ. ನಂಬದೆ ಏನ್ ಮಾಡ್ಲಿ?"

ಅವಳು ಬಂದದ್ದು ಕಥೆ ಹೇಳುವುದಕ್ಕಲ್ಲ, ಕಾರ್ಡು ಕೇಳುವುದಕ್ಕೆ. ಊರಾಚೆ ಅವಳ ತಾಯಿಯ ಗೋರಿಯಿದ್ದ ಜಾಗದಲ್ಲಿ ಹೊಸ ರಸ್ತೆ ಬರುತ್ತಿತ್ತು. ಗೋರಿ ತೆಗೆದು, ಮೂಳೆಗಳನ್ನು ಹೊಸ ಸ್ಮಶಾನಕ್ಕೆ ಸಾಗಿಸಬೇಕು, ವಸಂತದಲ್ಲಿ ಹಿರಿಯರ ಗೋರಿ ಗುಡಿಸುವ ಹಬ್ಬದೊಳಗೆ. ಅಲ್ಲಿ ಕೊಟ್ಟದ್ದು ಜೋಡಿ ಗೋರಿ, ಗಂಡನಿಗೊಂದು ಗೂಡು, ಹೆಂಡತಿಗೊಂದು ಗೂಡು. ಒಮ್ಮೆ ಸಿಮೆಂಟು ಮೆತ್ತಿದರೆ ಮತ್ತೆ ತೆರೆಯುವ ಹಾಗಿಲ್ಲ. ಹೆಣ ಸಿಗದವರಿಗೆ ನಮ್ಮಲ್ಲಿ ಅವರು ತೊಟ್ಟ ಬಟ್ಟೆಯನ್ನೋ ಟೋಪಿಯನ್ನೋ ಹೂಳುತ್ತೇವೆ. ಫಾನ್ ಜಿಂಗ್‌ಹನದು ಅಂಗಿಯ ಒಂದು ಗುಂಡಿಯೂ ಉಳಿದಿರಲಿಲ್ಲ, ಬರಗಾಲದಲ್ಲಿ ಎಲ್ಲ ಮಾರಿ ತಿಂದಾಗಿತ್ತು. ಅವನ ಕೈ ತಾಗಿದ ವಸ್ತು ಈ ಲೋಕದಲ್ಲಿ ಇದ್ದದ್ದು ಒಂದೇ, ನಮ್ಮ ಮನೆಯ ಕಾರ್ಡು.

"ಅಮ್ಮನ ಪಕ್ಕ ಖಾಲಿ ಗೂಡು ಮುಚ್ಚಿಸೋಕೆ ನಂಗೆ ಮನಸ್ಸಿಲ್ಲ," ಎಂದಳು. "ಅವನನ್ನ ಅಲ್ಲಿ ಮಲಗಿಸ್ತೀನಿ. ಬೈಯೋದಿದ್ರೆ ಅಮ್ಮ ಎದುರಾಎದುರು ಬೈಲಿ."

ಲಾವ್ ಚೂ ಚಹಾ ಲೋಟದೊಳಗೆ ಮುಖ ಹುದುಗಿಸಿ ಕೂತ. ಕೊನೆಗೆ ಅವನು ಆಡಿದ ಮಾತು ಕೇಳಿ ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಅಕ್ಕ, ಈಗ ಬಣ್ಣದ ಜೆರಾಕ್ಸ್ ಬಂದಿದೆ. ಅಸಲಿಗೂ ಅದಕ್ಕೂ ಒಂದ್ಕೂದಲು ವ್ಯತ್ಯಾಸ ಇರಲ್ಲ. ಅದನ್ನ ಇಟ್ರೆ..."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಜೀವಮಾನವಿಡೀ ಇದೇ ಅವನ ಬುದ್ಧಿ.

"ನಿಮ್ಮಪ್ಪನ್ನ ಹೂಳೋವಾಗ ಜೆರಾಕ್ಸ್ ಮಾಡ್ಸಿ ಹೂಳಿದ್ಯಾ?" ಎಂದಳು ಮುದುಕಿ.

ನಾನು ನಕ್ಕೆ. ನಗಬಾರದಿತ್ತು. ಲಾವ್ ಚೂ ಕೆಂಪಾಗಿ, ಆ ಕಾರ್ಡು ಮಣ್ಣಿಗೆ ಹೋದರೆ ಒಂದು ದಾರಿಯ ಚರಿತ್ರೆಯೇ ಮಣ್ಣಾಗುತ್ತದೆ, ಅದು ದೇಶದ ಆಸ್ತಿ ಎಂದೆಲ್ಲ ಶುರುಮಾಡಿದ. ಎದ್ದುಹೋಗಿ ಕಾರ್ಡು ತಂದ. ದಪ್ಪ ಹಾಳೆಗೆ ಕೂರಿಸಿದ್ದ ಕಾರ್ಡಿನ ಮೇಲೆ ಬೆರಳಾಡಿಸದೆ, ಒಂದೊಂದೇ ಠಸ್ಸೆ ತೋರಿಸಿದ. ಇಲ್ಲಿ ಕುದುರೆ ಹತ್ತಿತು, ಇಲ್ಲಿ ಇಳಿಯಿತು, ಇಲ್ಲಿ ರೈಲು. ಈ ಮಸಿ ನೋಡಿ, ಹೀಗೆ ಕದಡಿರೋದು ಹಿಮಕ್ಕೆ. ಮುದುಕಿ ತಾಳ್ಮೆಯಿಂದ ಕೇಳಿದಳು. ಅಪ್ಪ ಬಂದ ದಾರಿಯಲ್ಲವೇ, ಕೇಳಿದಳು.

"ಎಲ್ಲಾ ಸರಿ," ಎಂದಳು. "ಹಿಂದುಗಡೆ ಏನ್ ಬರ್ದಿದಾನೆ?"

ನಾನು ಲಾವ್ ಚೂನ ಮುಖ ನೋಡಿದೆ, ಅವನು ಗೋಡೆ ನೋಡಿದ. ಸಂಗ್ರಾಹಕರ ಜಾತಿಯೇ ಅಂಥದ್ದು. ಅವರಿಗೆ ಕಾರ್ಡೆಂದರೆ ವಿಳಾಸದ ಬದಿ. ಅಚ್ಚು, ಠಸ್ಸೆ, ದಾರಿ ಎಲ್ಲ ಇರುವುದು ಅಲ್ಲೇ. ಬರಹದ ಬದಿ ಹಾಳೆಗೆ ಅಂಟಿಕೊಂಡು ಕತ್ತಲಲ್ಲಿರುತ್ತದೆ. ಕೊಳ್ಳುವಾಗ ಒಮ್ಮೆ ತಿರುವಿ, ಕಾಗದ ಹರಿದಿಲ್ಲವೇ, ಕಲೆಯಿಲ್ಲವೇ ಎಂದು ನೋಡುತ್ತಾರೆ, ಮುಗಿಯಿತು.

"ಮೋಡಿ ಬರಹ ಅಕ್ಕ. ಗೀಚಿದ ಹಾಗಿದೆ. ನಾನು... ಅದನ್ನ ಓದಿಲ್ಲ."

"ಎಷ್ಟು ವರ್ಷದಿಂದ ಇದೆ ನಿನ್ ಹತ್ರ?"

"ನಮ್ಮ ಮಗಳು ಹುಟ್ಟಿದ ವರ್ಷ ತಗೊಂಡೆ."

ನಮ್ಮ ಮಗಳ ಮಗ ಆಗಲೇ ಶಾಲೆಗೆ ಹೋಗುತ್ತಿದ್ದ. ಮುದುಕಿ ಬೈಯಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಕೋಟಿನ ಗುಂಡಿ ಹಾಕಿಕೊಂಡು, ರೊಟ್ಟಿಯ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮೆಟ್ಟಿಲಿಳಿದು ಹೊರಟುಹೋದಳು.

ಆಮೇಲೆ ಬೈದವಳು ನಾನು. "ಲಾವ್ ಚೂ, ಕುದುರೆ ಲದ್ದಿ ಬಿದ್ದ ಜಾಗ ಗೊತ್ತು ನಿಂಗೆ, ಮನುಷ್ಯ ಏನಂದ ಅಂತ ಗೊತ್ತಿಲ್ಲ! ಯಾರಿಗ್ಬೇಕು ನಿನ್ನ ದಾರಿ?" ಮಾರನೆಯ ದಿನ ಊಟವಾದ ಮೇಲೆ ಅವನು ಕಿಟಕಿಯ ಬೆಳಕಿಗೆ ಕೂತು, ಕಾರ್ಡನ್ನು ಹಾಳೆಯಿಂದ ಬಿಡಿಸಿ, ಬೋರಲು ಹಾಕಿ, ಭೂತಗನ್ನಡಿ ಹಿಡಿದು, ಮೋಡಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಓದಲಾಗದ ಬರಹವೇನೂ ಆಗಿರಲಿಲ್ಲ. ಓದುವ ಮನಸ್ಸಿರಲಿಲ್ಲ ಅಷ್ಟೆ. ನಾನು ಸೊಪ್ಪು ಬಿಡಿಸುತ್ತ ಅವನನ್ನೇ ನೋಡುತ್ತಿದ್ದೆ. ಬೆಳಕು ಇಳಿಯುವ ಹೊತ್ತಿಗೆ ಕನ್ನಡಿ ಕೆಳಗಿಟ್ಟ. ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

"ಏನಿದೆ?" ಎಂದೆ.

"ಕೋಟು ಕೊಡು. ಅಕ್ಕನ ಮನೆಗೆ ಹೋಗ್ಬೇಕು."

ನಾನೂ ಹೋದೆ. ಅವಳದು ಒಂದೇ ಕೋಣೆ, ನಡುವೆ ಕಲ್ಲಿದ್ದಲಿನ ಒಲೆ. ಲಾವ್ ಚೂ ಕೂರಲೂ ಇಲ್ಲ. ನಿಂತುಕೊಂಡೇ ಎರಡೂ ಕೈಯಲ್ಲಿ ಕಾರ್ಡು ಚಾಚಿ, "ಅಕ್ಕ, ಇದು ನಿಮ್ದು. ಬೀಜಿಂಗ್‌ಗೆ ನಾನು ಹೋಗಲ್ಲ. ಓದಿದೀನಿ. ಹೇಳ್ತೀನಿ ಕೇಳಿ..." ಎಂದ.

ಮುದುಕಿ ಕೈ ಅಡ್ಡ ಮಾಡಿದಳು. "ಹೇಳ್ಬೇಡ. ನಂಗೆ ಬರ್ದಿದ್ದಲ್ಲ ಅದು. ಯಾರಿಗೆ ಬರ್ದಿದಾನೋ ಅವಳು ಮೊದ್ಲು ಕೇಳ್ಲಿ. ಅಮ್ಮಂಗೆ ಓದೋಕೆ ಬರ್ತಿರ್ಲಿಲ್ಲ, ಗೋರಿ ಸಾಗಿಸೋ ದಿನ ನೀನೇ ಬಂದು ಓದು."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಕಾರ್ಡನ್ನು ಅವಳು ಮುಟ್ಟಲಿಲ್ಲ, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ ಎಂದಳು. ಅವಳಿಗೆ ಹೆದರಿಕೆಯಾಗಿತ್ತು. ಅತ್ತೆ ಹೇಳಿದ್ದೇ ನಿಜವಾಗಿ, ಅಪ್ಪನ ಕೈಬರಹದಲ್ಲೇ ಅದು ಇದ್ದುಬಿಟ್ಟರೆ? ಎಂಬತ್ತು ವರ್ಷ ಹೊತ್ತದ್ದನ್ನು ಇನ್ನೊಂದಿಷ್ಟು ದಿನ ಹೊರುವುದೇ ಅವಳಿಗೆ ಸುಲಭವಾಗಿತ್ತು. ಬರುವ ದಾರಿಯಲ್ಲಿ ನಾನು ಎಷ್ಟು ಪೀಡಿಸಿದರೂ ಲಾವ್ ಚೂ ಬಾಯಿ ಬಿಡಲಿಲ್ಲ. ಸಂಘದವರು ಮನೆಗೆ ಬಂದು, ತಲೆ ಕೆಟ್ಟಿದೆಯೇ, ಇಂಥ ಕಾರ್ಡು ಇನ್ನೊಂದು ಸಿಗುತ್ತದೆಯೇ ಎಂದು ಕೂಗಾಡಿದಾಗಲೂ ತಲೆ ತಗ್ಗಿಸಿ ಚಹಾ ಬಗ್ಗಿಸಿದ.

ಹಬ್ಬಕ್ಕೆ ಮುಂಚಿನ ಒಂದು ಬೆಳಿಗ್ಗೆ ಗೋರಿ ತೆಗೆದರು. ಮೂಳೆಗೆ ಬಿಸಿಲು ತಾಗಬಾರದೆಂದು ನಾನು ಕಪ್ಪು ಕೊಡೆ ಹಿಡಿದು ನಿಂತೆ. ಹೊಸ ಸ್ಮಶಾನದಲ್ಲಿ ತಾಯಿಯ ಮೂಳೆಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಎಡಗಡೆಯ ಗೂಡಿಗೆ ಇಳಿಸಿದರು. ಮಗಳು ಬನ್ನು, ಸೇಬು, ಒಂದು ಬಟ್ಟಲು ಚಹಾ ಇಟ್ಟು, ಮಣ್ಣಿಗೆ ಹಣೆ ಹಚ್ಚಿ ನಮಸ್ಕರಿಸಿದಳು. ಗಾರೆಯವನು ಸಿಮೆಂಟು ಕಲಸಿಕೊಂಡು ಪಕ್ಕದಲ್ಲಿ ಸಿಗರೇಟು ಸೇದುತ್ತಿದ್ದ.

"ಅಮ್ಮ," ಎಂದಳು ಝಾವ್‌ದೀ, "ಕಾಗದ ಬಂದಿದೆ. ಕೇಳು."

ಲಾವ್ ಚೂ ಮಂಡಿಯೂರಿದ. ಅವನ ಮಂಡಿಗೆ ಬಹಳ ದಿನದಿಂದ ನೋವಿತ್ತು, ಆದರೂ ಊರಿದ. ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ.

"ನಿನ್ನ ಕಾಗದ ತಲುಪಿತು. ಹೆಣ್ಣು ಮಗುವೆಂದು ಕ್ಷಮೆ ಕೇಳಿದ್ದೀಯ. ಕ್ಷಮೆ ಯಾತಕ್ಕೆ? ನನಗೆ ಸಂತೋಷವಾಗಿದೆ. ಇಲ್ಲಿ ಗಲಭೆಯ ಸುದ್ದಿಯಿದೆ. ಅಂಗಡಿ ಮುಚ್ಚಿ ಮುಂದಿನ ಒಂಟೆಗಳ ಜೊತೆ ಹೊರಡುತ್ತೇನೆ. ಕಲ್ಲಿದ್ದಲು ಉಳಿಸಬೇಡ, ಮಗು ಬೆಚ್ಚಗಿರಲಿ. ನನ್ನ ಅಮ್ಮ ಏನೇ ಅಂದರೂ ಹೆಸರಿಡಲು ಬಿಡಬೇಡ. ನಾನು ಬಂದು ಇಡುತ್ತೇನೆ."

ಗಾರೆಯವನು ಸಿಗರೇಟು ಎಸೆದ. ನನಗೆ ಕೊಡೆ ಹಿಡಿಯಲಾಗಲಿಲ್ಲ. ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಲಾವ್ ಚೂ ಕೂಡ ಮೂಗು ಒರೆಸಿಕೊಂಡು, ಕಾರ್ಡನ್ನು ಬಲಗಡೆಯ ಗೂಡಿಗೆ ಇಳಿಸಲು ಬಗ್ಗಿದ. ಝಾವ್‌ದೀ ಅವನ ತೋಳು ಹಿಡಿದಳು. ಅವಳ ಕಣ್ಣು ಒಣಗಿತ್ತು.

"ತಡಿ. ಇನ್ನೊಂದ್ಸಲ ಓದು," ಎಂದಳು. "ಗಟ್ಟಿಯಾಗಿ ಓದು ತಮ್ಮ. ಅಮ್ಮಂಗೆ ಕೊನೆಕೊನೆಗೆ ಕಿವಿ ಸರಿಯಾಗಿ ಕೇಳಿಸ್ತಿರ್ಲಿಲ್ಲ."